ಆರ್ಮರಿ ಹಾಲ್ ಬಾಡಿಗೆಗೆ ಸಿಗುತ್ತಾ? ನಾನೂ ಮಿಲಿಶಿಯಾದವನಾ?

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್ ಹುಡುಕುತ್ತಿದ್ದಾಗ ಯಾರೋ ‘ಆರ್ಮರಿಯಲ್ಲಿ ಕೇಳಿ ನೋಡಿ’ ಎಂದರು. ಅದು ನ್ಯಾಷನಲ್ ಗಾರ್ಡ್ (ರಾಜ್ಯಗಳ ಅರೆಕಾಲಿಕ ಸೈನಿಕರ ಪಡೆ) ಕಟ್ಟಡ. ಸೈನ್ಯದ ಜಾಗವನ್ನು ಹೀಗೆ ಬಾಡಿಗೆಗೆ ಕೊಡ್ತಾರಾ? ಅಷ್ಟಕ್ಕೂ ಅದು ಯಾರದ್ದು, ರಾಜ್ಯದ್ದೋ ಕೇಂದ್ರದ್ದೋ?

ಉತ್ತರ: ಕೊಡ್ತಾರೆ, ಧಾರಾಳವಾಗಿ ಕೇಳಿ. ಸಾಮಾನ್ಯವಾಗಿ ಕಟ್ಟಡ ರಾಜ್ಯದ್ದು. ಒಳಗಿರುವ ಬಂದೂಕು, ಟ್ರಕ್ಕುಗಳಲ್ಲಿ ಹೆಚ್ಚಿನವು ಕೇಂದ್ರದ್ದು. ಸೈನಿಕ ಮಾತ್ರ ಇಬ್ಬರಿಗೂ ಸೇರಿದವನು.

ಇದು ಅವರ ಸಂವಿಧಾನದಿಂದಲೇ ಬಂದ ಹಂಚಿಕೆ. ಮಿಲಿಶಿಯಾ ಎಂದರೆ ಬೇಕಾದಾಗ ಕರೆಸಿಕೊಳ್ಳುವ ನಾಗರಿಕರ ಪಡೆ; ಗಾರ್ಡ್ ಅದರ ಈಗಿನ ರೂಪ. ಅದಕ್ಕೆ ಆಯುಧ, ನಿಯಮ ಒದಗಿಸುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೆಲಸ. ಅಧಿಕಾರಿಗಳನ್ನು ನೇಮಿಸುವುದು, ತರಬೇತಿ ಕೊಡುವುದು ರಾಜ್ಯಗಳ ಕೆಲಸ. 1792ರ ಕಾಯ್ದೆಯ ಕಾಲದಲ್ಲಂತೂ ಬಂದೂಕನ್ನೂ ಅವರವರೇ ತರಬೇಕಿತ್ತು! 1903ರ ಕಾಯ್ದೆ ಬಂದ ಮೇಲೆ ವಾಷಿಂಗ್ಟನ್‌ನ ದುಡ್ಡು, ಅದರ ಜೊತೆಗೆ ಅದರ ಷರತ್ತುಗಳು ಜಾಸ್ತಿಯಾದವು. 1933ರಿಂದ ಗಾರ್ಡ್ ಸೇರುವವನು ಒಂದೇ ಸಲಕ್ಕೆ ರಾಜ್ಯಕ್ಕೂ ಕೇಂದ್ರಕ್ಕೂ ಸೇರುತ್ತಾನೆ. ಇದರ ಫಜೀತಿ ನೋಡಬೇಕಾದರೆ 1957ರ ಲಿಟಲ್ ರಾಕ್ ನೆನೆಯಿರಿ. ಕಪ್ಪು ಮಕ್ಕಳು ಶಾಲೆಯೊಳಗೆ ಹೋಗದಂತೆ ತಡೆಯಲು ಅರ್ಕಾನ್ಸಾ ಗವರ್ನರ್ ಗಾರ್ಡ್ ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಅದೇ ಗಾರ್ಡನ್ನು ಕೇಂದ್ರದ ಕೈಗೆ ತೆಗೆದುಕೊಂಡರು. ಅದೇ ಸಮವಸ್ತ್ರ, ಅದೇ ಹುಡುಗರು, ಯಜಮಾನ ಮಾತ್ರ ಬೇರೆ.

ಈಗ ಕಟ್ಟಡದ ವಿಷಯ. ಹೊಸದಾಗಿ ಕಟ್ಟುವಾಗ ಕೇಂದ್ರ ಶೇ 75ರವರೆಗೆ ಕೊಡಬಹುದು. ಉಳಿದ ದುಡ್ಡನ್ನು ರಾಜ್ಯ ಹೊಂದಿಸಬೇಕು. ಆಮೇಲೆ ಸೂರು ಸೋರಿದರೆ, ಬಾಯ್ಲರ್ ಕೆಟ್ಟರೆ, ಕರೆಂಟ್ ಬಿಲ್ ಬಂದರೆ ಒಪ್ಪಂದದ ಪ್ರಕಾರ ಇಬ್ಬರೂ ಹಂಚಿಕೊಳ್ಳುತ್ತಾರೆ. ಹಾಗಾಗಿಯೇ ಪ್ರತಿ ರಾಜ್ಯಕ್ಕೂ ತನ್ನದೇ ಮಿಲಿಟರಿ ಕಾಯ್ದೆ ಇದೆ. ನಿಮ್ಮ ರಾಜ್ಯದಲ್ಲಿ ಅದು ‘38ಎ’ ಎಂಬ ಭಾಗ. ಯುದ್ಧದ ವೀರಾವೇಶ ಹುಡುಕಿಕೊಂಡು ಇಂಥ ಕಾಯ್ದೆ ತೆರೆದರೆ ನಿರಾಸೆ ಖಂಡಿತ. ಬೀಗದ ಕೈ ಯಾರ ಹತ್ತಿರ, ಕಳೆದ ಸಾಮಾನಿಗೆ ಯಾರು ಹೊಣೆ, ರಿಪೇರಿ ದುಡ್ಡು ಯಾವ ಖಾತೆಯಿಂದ, ಇಂಥವೇ ಜಾಸ್ತಿ.

ಬಾಡಿಗೆ ಹುಟ್ಟಿದ್ದೂ ಇಲ್ಲಿಂದಲೇ. ಮಳೆಯಲ್ಲೂ ಕವಾಯತು ನಡೆಯಲಿ ಎಂದು ನಡುವೆ ಕಂಬವಿಲ್ಲದ ದೊಡ್ಡ ಹಾಲ್ ಕಟ್ಟಿದರು. ಗಾರ್ಡ್‌ನವರು ಸೇರುವುದು ತಿಂಗಳಿಗೊಂದು ವಾರಾಂತ್ಯ. ಬಾಕಿ ದಿನ ಖಾಲಿ ಬಿಡುವ ಬದಲು ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆ, ಅಲ್ವಾ? ನಿಮ್ಮ ಟೀನೆಕ್ ಆರ್ಮರಿಯಲ್ಲಿ 1967–68ರಲ್ಲಿ ನ್ಯೂಜೆರ್ಸಿ ಅಮೆರಿಕನ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ಆಡುತ್ತಿತ್ತು. ಈಗಿನ ಬ್ರೂಕ್ಲಿನ್ ನೆಟ್ಸ್ ಅದೇ ತಂಡ. ಆ ವರ್ಷದ ನಿರ್ಣಾಯಕ ಪಂದ್ಯದ ಹೊತ್ತಿಗೆ ಆರ್ಮರಿ ಸರ್ಕಸ್‌ಗೆ ಬುಕ್ ಆಗಿತ್ತು! ಪಾಪ, ಲಾಂಗ್ ಐಲೆಂಡಿನ ಇನ್ನೊಂದು ಹಾಲ್‌ಗೆ ಓಡಿದರು. ಅಲ್ಲಿ ಆಟದ ನೆಲದ ಕೆಲವು ಹಲಗೆ, ಬೋಲ್ಟುಗಳೇ ಇರಲಿಲ್ಲ. ಪಂದ್ಯ ಎದುರಾಳಿಗಳ ಪಾಲಾಯಿತು.

ಆದ್ದರಿಂದ ಬೇಗ ಬುಕ್ ಮಾಡಿ. ವಿಮೆ ಕೇಳುತ್ತಾರೆ. ಬಿಸಿಬೇಳೆಬಾತ್ ಬಿಸಿ ಮಾಡಲು ಸ್ಟೋವ್ ಇಡಬಹುದಾ ಎಂದು ಮೊದಲೇ ವಿಚಾರಿಸಿ. ಇನ್ನೊಂದು ಮಾತು: ಮಿಲಿಟರಿ ಕೆಲಸ ಬಂದರೆ ಅದಕ್ಕೇ ಮೊದಲ ಆದ್ಯತೆ. ಸ್ಯಾಂಡಿ ಚಂಡಮಾರುತ ನಿಮ್ಮ ಕರಾವಳಿಗೆ ಅಪ್ಪಳಿಸಿದ್ದು 2012ರ ಅಕ್ಟೋಬರ್ 29ಕ್ಕೆ, ರಾಜ್ಯೋತ್ಸವಕ್ಕೆ ಮೂರೇ ದಿನ ಮುಂಚೆ. ಬುಕಿಂಗ್ ರದ್ದಾದರೆ ದುಡ್ಡು ವಾಪಸ್ ಬರುತ್ತದೆಯೇ ಎನ್ನುವುದನ್ನು ಬರೆಸಿಕೊಳ್ಳಿ.

ಪ್ರಶ್ನೆ: ಇಲ್ಲಿನ ಕಾನೂನಿನ ಪ್ರಕಾರ ಎಲ್ಲ ಗಂಡಸರೂ ಮಿಲಿಶಿಯಾ ಎಂದು ಗೆಳೆಯ ಹೆದರಿಸುತ್ತಾನೆ. ನನಗೆ 39, ಎಚ್-1ಬಿ ವೀಸಾ. ನಾನೂನಾ?

ಉತ್ತರ: ನೀವಲ್ಲ. ಕೇಂದ್ರ ಕಾನೂನಿನಲ್ಲಿ ಗಾರ್ಡ್ ಸೇರದ, 17 ತುಂಬಿದ, 45 ಆಗದ ದೃಢಕಾಯ ಗಂಡಸರು ‘ಅಸಂಘಟಿತ ಮಿಲಿಶಿಯಾ’. ಆದರೆ ಅವರು ಪ್ರಜೆಗಳಾಗಿರಬೇಕು, ಇಲ್ಲವೇ ಪ್ರಜೆಯಾಗುತ್ತೇನೆ ಎಂದು ಘೋಷಿಸಿರಬೇಕು. ಪ್ರಜೆಗಳಿಗೂ ಅದು ಸದ್ಯ ಕಾಗದದ ಮೇಲಿನ ಮಾತು. ಹಾಗೆಂದು ಗೆಳೆಯರೆಲ್ಲ ಸೇರಿ ಬಂದೂಕು ಹಿಡಿದು ಮೆರವಣಿಗೆ ಹೊರಡಲು ಆಗದು. 1879ರಲ್ಲಿ ಷಿಕಾಗೋದಲ್ಲಿ ಹರ್ಮನ್ ಪ್ರೆಸ್ಸರ್ ಎಂಬಾತ ಕುದುರೆ ಏರಿ, ಕತ್ತಿ ಹಿಡಿದು, ಸುಮಾರು 400 ಜನರ ಮುಂದೆ ಹೊರಟ. ಹತ್ತು ಡಾಲರ್ ದಂಡ ಬಿತ್ತು. 1886ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪ್ರಶ್ನೆ: ಕರ್ನಾಟಕವೂ ಹೀಗೆ ತನ್ನದೇ ಗಾರ್ಡ್ ಕಟ್ಟಬಹುದೇ? (ಮೈಸೂರಿನಿಂದ)

ಉತ್ತರ: ಇಲ್ಲ. ನಮ್ಮ ಸಂವಿಧಾನದಲ್ಲಿ ಸೈನ್ಯ ಪೂರ್ತಿ ಕೇಂದ್ರದ ಪಟ್ಟಿಯಲ್ಲಿದೆ. ಟೆರಿಟೋರಿಯಲ್ ಆರ್ಮಿಯೂ 1948ರ ಕೇಂದ್ರ ಕಾಯ್ದೆಯದ್ದೇ. ರಾಜ್ಯಕ್ಕೆ ಪೊಲೀಸ್ ಉಂಟು, 1962ರ ಕಾಯ್ದೆಯ ಗೃಹರಕ್ಷಕ ದಳ ಉಂಟು, ಅಷ್ಟೇ. ನಿಮ್ಮೂರಿನ ಮಹಾರಾಜರಿಗೆ ಮಾತ್ರ ಸ್ವಂತ ಪಡೆ ಇತ್ತು. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರ ಜೊತೆ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಅವರ ಕುದುರೆ ದಳವೇ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಪಡೆಗಳೆಲ್ಲ ಭಾರತೀಯ ಸೈನ್ಯಕ್ಕೆ ಸೇರಿಹೋದವು. ಬೆಂಗಳೂರಿಗೆ ಬಂದಾಗ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕವನ್ನು ಒಮ್ಮೆ ನೋಡಿ.