ಮೊಬೈಲಿನಲ್ಲಿ ಕ್ಯಾರೆಕ್ಟರ್‌ಗಳ (ಪಾತ್ರಗಳ) ಚಿತ್ರ ಬರೆಯುವ ಹವ್ಯಾಸವನ್ನೇ ಕೆಲಸ ಮಾಡಿಕೊಳ್ಳಬಹುದಾ? ಐಪ್ಯಾಡ್ ತಗೊಳ್ಳಲಾ, ಅನಿಮೇಷನ್ ಕೋರ್ಸ್ ಸೇರಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಬಿ.ಕಾಂ ಕೊನೆ ವರ್ಷ, ಮೂರು ವರ್ಷದಿಂದ ಐಬಿಸ್ ಪೇಂಟ್ ಅನ್ನುವ ಚಿತ್ರ ಬರೆಯುವ ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಒಂಬತ್ತು ಸಾವಿರ ಫಾಲೋವರ್ಸ್, ಮನೆಯಲ್ಲಿ ಅಪ್ಪನ ಮುಖ ಗಂಟು. ಬಿ.ಕಾಂ ಒಂದು ಬಿಟ್ಟರೆ ಇದು ನನ್ನದೇ ಜಾತಕ.

2016ರಲ್ಲಿ ನಾನು ಶಿವಮೊಗ್ಗದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆಗಿದ್ದೆ. ಡಿಸೈನರ್ ಅನ್ನೋದು ದೊಡ್ಡ ಮಾತು. ಗಣಪತಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಶ್ರದ್ಧಾಂಜಲಿಗೆ ಫ್ಲೆಕ್ಸ್ ಮಾಡುವುದು. ಮುಖಂಡರ ಫೋಟೋ ಕತ್ತರಿಸಿ, ಹಿಂದೆ ಸೂರ್ಯನ ಕಿರಣ ಹಾಕಿ, ಕೆಳಗೆ 'ಶುಭ ಕೋರುವವರು' ಅಂತ ನಲವತ್ತು ತಲೆಗಳನ್ನು ಸಾಲಾಗಿ ಕೂರಿಸುವುದು. ಯಾರ ತಲೆ ಯಾರಿಗಿಂತ ದೊಡ್ಡದಿರಬೇಕು ಅನ್ನುವುದಕ್ಕೇ ಅರ್ಧ ದಿನ ಜಗಳ. ರಾತ್ರಿ ರೂಮಿಗೆ ಬಂದು, ಸೆಕೆಂಡ್ ಹ್ಯಾಂಡ್ ವ್ಯಾಕಮ್ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಲ್ಲಿ ಚಿತ್ರ ಬರೆಯುವ ಹಲಗೆ) ಸಿಕ್ಕಿಸಿಕೊಂಡು ನನ್ನ ಪಾತ್ರಗಳನ್ನು ಬರೆಯುತ್ತಿದ್ದೆ. ಲೈಕ್ಸ್ ಬರುತ್ತಿದ್ದವು. 'ಬ್ರೋ, ನೀವು ಇಲ್ಲಿರಬೇಕಾದವರೇ ಅಲ್ಲ' ಅಂತ ಕಾಮೆಂಟು. ನಾನು ನಂಬಿದೆ.

2018ರಲ್ಲಿ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಿಂದ ಮೆಸೇಜ್ ಬಂತು. ಯೂಟ್ಯೂಬ್‌ಗೆ ಕನ್ನಡ ಶಿಶುಗೀತೆಗಳ ವಿಡಿಯೋ ಮಾಡುವವರು. ಅಜ್ಜಿ, ಮೊಮ್ಮಗಳು, ಹಸು, ಕಾಗೆ, ಒಟ್ಟು ನಾಲ್ಕು ಪಾತ್ರ. 24,000 ರೂಪಾಯಿ, ಅದರಲ್ಲಿ 8,000 ಮುಂಗಡ. ಇಷ್ಟು ಸಾಕಾಯಿತು. ಅಂಗಡಿ ಬಿಟ್ಟೆ. ಸುಮ್ನೆ ಬಿಡಲಿಲ್ಲ, ಎಲ್ಲರಿಗೂ ಸಮೋಸ ಕೊಡಿಸಿ ಬಿಟ್ಟೆ. ಬೆಂಗಳೂರಿನ ವಿಜಯನಗರದಲ್ಲಿ ಒಂದು ಪಿ.ಜಿ. ಹಿಡಿದೆ.

ಈಗ ಅಜ್ಜಿಯ ವಿಷಯ. ಇದನ್ನು ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಯಾಕೆಂದರೆ ಇದೇ ನನ್ನ ಒಂದು ವರ್ಷ ತಿಂದದ್ದು.

ಅಜ್ಜಿಯನ್ನು ಒಂಬತ್ತು ದಿನ ಬರೆದೆ. ಹದಿನಾರು ಮೊಳದ ಸೀರೆ, ಒಂದೊಂದು ನಿರಿಗೆಗೂ ನೆರಳು. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಕವಳದ ಸಂಚಿ. ಸೆರಗು ಹೆಗಲಿಂದ ಇಳಿದು ಎಡಗೈ ಮೇಲೆ ಹಾದು ಹೋಗುತ್ತಿತ್ತು. ಮುಖ ಸ್ವಲ್ಪ ಬಾಗಿತ್ತು, ಗದ್ದ ಎದೆಗೆ ತಾಗುವಷ್ಟು. ಸಂಜೆ ಬಿಸಿಲು ಬಲಗಡೆಯಿಂದ ಬಿದ್ದ ಹಾಗೆ ಇಡೀ ಮೈಗೆ ಮೆದು ಬ್ರಷ್‌ನಲ್ಲಿ ಕಿತ್ತಳೆ ಬಣ್ಣ. ಇವತ್ತಿಗೂ ಹೇಳುತ್ತೇನೆ, ಚಿತ್ರ ಚೆನ್ನಾಗಿತ್ತು.

ಉಳಿದ ಮೂರನ್ನೂ ಇದೇ ರೀತಿ ಮುಗಿಸಿ ಜೆಪಿಜಿ ಕಳಿಸಿದೆ. ಅಲ್ಲಿನ ಅನಿಮೇಟರ್ 'ಸೋರ್ಸ್ ಫೈಲ್ ಕಳಿಸಿ' ಅಂದರು. ಫೋಟೋಶಾಪ್ ಫೈಲ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಫೈಲ್‌ನಲ್ಲಿ ಇದ್ದದ್ದು ಒಂದೇ ಲೇಯರ್. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ; ಕೈ, ತಲೆ ಬೇರೆ ಬೇರೆ ಹಾಳೆಯಲ್ಲಿದ್ದರೆ ಬೇರೆ ಬೇರೆಯಾಗಿ ಆಡಿಸಬಹುದು.

ಯಾಕೆ ಒಂದೇ ಲೇಯರ್? ಎರಡು ಕಾರಣ. ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇತ್ತು. ಲೇಯರ್ ಹದಿನೈದು ದಾಟಿದರೆ ಅದು ಉಸಿರು ಬಿಡುತ್ತಿತ್ತು. ಹಾಗಾಗಿ ಒಂದು ಭಾಗ ಚೆನ್ನಾಗಿ ಬಂದ ಕೂಡಲೇ ಮರ್ಜ್ ಮಾಡಿಬಿಡುತ್ತಿದ್ದೆ. ಎರಡನೆಯದು ಫ್ಲೆಕ್ಸ್ ಅಂಗಡಿಯ ಚಾಳಿ. ಅಲ್ಲಿ ಪ್ರಿಂಟಿಗೆ ಕಳಿಸುವ ಮೊದಲು ಎಲ್ಲಾ ಲೇಯರ್ ಸೇರಿಸಿ ಒಂದು ಮಾಡುವುದೇ ಶಿಸ್ತು, ಇಲ್ಲದಿದ್ದರೆ ಮಷೀನ್ ಹತ್ತಿರ ಫಾಂಟ್ ಹಾರಿಹೋಗಿ ಶಾಸಕರ ಹೆಸರು ಚೌಕ ಚೌಕ ಆಗಿ ಬರುತ್ತದೆ. ಎರಡು ವರ್ಷ ಯಾವುದನ್ನು ಒಳ್ಳೆಯ ಅಭ್ಯಾಸ ಅಂತ ಕಲಿತೆನೋ ಅದೇ ಇಲ್ಲಿ ಕುತ್ತಿಗೆಗೆ ಬಂತು.

ಆ ಅನಿಮೇಟರ್ ಕೊಪ್ಪಳದ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಬೈಯಲಿಲ್ಲ. 'ತಮ್ಮಾ, ನಾ ಕೇಳಿದ್ದು ಗೊಂಬಿ. ನೀ ಕಳಿಸಿದ್ದು ಗೊಂಬಿ ಫೋಟೋ' ಅಂದರು. ಆಮೇಲೆ ಸ್ಕ್ರೀನ್ ತೋರಿಸುತ್ತಾ ಒಂದೊಂದಾಗಿ ಹೇಳಿದರು. ಅಜ್ಜಿ ಎಡಗೈ ಎತ್ತಬೇಕು. ಕೈಯನ್ನು ಲ್ಯಾಸೊ ಅನ್ನುವ ಟೂಲಿನಲ್ಲಿ ಸುತ್ತು ಹಾಕಿ ಕತ್ತರಿಸಿ ಎತ್ತಿದರು, ಹೊಟ್ಟೆಯಲ್ಲಿ ಕೈಯಾಕಾರದ ತೂತು. ಯಾಕೆಂದರೆ ಕೈ ಹಿಂದೆ ನಾನು ಹೊಟ್ಟೆಯನ್ನು ಬರೆದೇ ಇರಲಿಲ್ಲ. ತಲೆ ಎತ್ತಿಸಿದರು, ಗದ್ದದ ಕೆಳಗೆ ಕುತ್ತಿಗೆಯೇ ಇಲ್ಲ. ಕಣ್ಣು ಮಿಟುಕಿಸಬೇಕು, ರೆಪ್ಪೆ ಬೇರೆ ಇಲ್ಲ. ಹಾಡಬೇಕು, ಬಾಯಿ ಒಂದೇ. ಕನ್ನಡ ಹಾಡಿಗೆ ಕಡಿಮೆ ಅಂದರೂ ಅ, ಇ, ಉ, ಒಗಳಿಗೆ ಒಂದೊಂದು ಬಾಯಿ ಬೇಕು, ಪ-ಬ-ಮಗೆ ಮುಚ್ಚಿದ ತುಟಿ ಬೇಕು. ಮೊಣಕೈ ಹತ್ತಿರ ಕತ್ತರಿಸಿ ಬಗ್ಗಿಸಿದರೆ ನನ್ನ ಪ್ರೀತಿಯ ಕಿತ್ತಳೆ ಬಿಸಿಲು ಅಲ್ಲಿಗೇ ಕತ್ತರಿಸಿ ಹೋಗಿ ಮುಂಗೈ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಕೊನೆಗೆ ಅಜ್ಜಿಯನ್ನು ಮೊಬೈಲಿನಲ್ಲಿ ಕಾಣುವ ಅಳತೆಗೆ ಇಳಿಸಿದರು. ಒಂಬತ್ತು ದಿನದ ನಿರಿಗೆ ಕೆಸರಾಗಿ ಕಂಡಿತು.

'ನಮ್ಮ ಕಡೆ ತೊಗಲುಗೊಂಬಿ ನೋಡೀಯಿಲ್ಲೋ?' ಅಂತ ಕೇಳಿದರು. ಅದರಲ್ಲಿ ಕೈ ಆಡಬೇಕಾದ ಗೊಂಬೆಗೆ ತೋಳು ಬೇರೆ, ಮುಂಗೈ ಬೇರೆ. ಬೇರೆ ಬೇರೆ ಕತ್ತರಿಸಿ, ಒಂದರ ಮೇಲೊಂದು ಸ್ವಲ್ಪ ಹತ್ತಿಸಿ, ದಾರ ಹಾಕಿ ಕಟ್ಟುತ್ತಾರೆ. ಹಾಗೆ ಹತ್ತಿಸಿರುವುದರಿಂದಲೇ ಕೈ ಆಡುವಾಗ ಸಂದಿ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡುವ ರಿಗ್ಗಿಂಗ್, ಅಂದರೆ ಪಾತ್ರ ಆಡುವ ಹಾಗೆ ತುಂಡುಗಳಿಗೆ ಕೀಲು-ಮೂಳೆ ಜೋಡಿಸುವುದು, ಅದೂ ಇಷ್ಟೇ. ಮೊಣಕೈ ಜಾಗದಲ್ಲಿ ಎರಡೂ ತುಂಡಿನ ತುದಿಯನ್ನು ದುಂಡಗೆ ಬಿಡಬೇಕು, ಒಂದರ ಕೆಳಗೆ ಇನ್ನೊಂದು ತೂರಿರಬೇಕು. (ತೊಗಲುಗೊಂಬೆಯಲ್ಲಿ ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು ಅಂತಲೂ ಅವತ್ತೇ ಗೊತ್ತಾಗಿದ್ದು. ನಮ್ಮ ಫ್ಲೆಕ್ಸ್ ಅಂಗಡಿಯ ತಲೆ ಜಗಳ ಬಹಳ ಹಳೆಯದು ಅನ್ನಿ.)

ಮತ್ತೆ ಬರೆದುಕೊಡುತ್ತೇನೆ ಅಂದೆ. ಇಪ್ಪತ್ತಮೂರು ದಿನ ತಗೊಂಡೆ. ಅಷ್ಟರಲ್ಲಿ ಅವರು ಬೇರೆಯವರಿಂದ ಮಾಡಿಸಿಕೊಂಡಿದ್ದರು. ಉಳಿದ 16,000 ಬರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಪಿ.ಜಿ. ಬಾಡಿಗೆ ಕಟ್ಟಲು ಆಗದೆ ನಾಲ್ಕು ತಿಂಗಳಿಗೆ ಶಿವಮೊಗ್ಗ ಬಸ್ ಹತ್ತಿದೆ. ಅಂಗಡಿಯ ಓನರ್ ಏನೂ ಕೇಳಲಿಲ್ಲ. 'ಬಾರಪ್ಪಾ, ಗಣಪತಿ ಸೀಸನ್ ಹತ್ತಿರ ಬಂತು' ಅಂದರು. ಸಮೋಸ ವಾಪಸ್ ಕೊಡಿಸಿದರು. ಅಜ್ಜಿಯನ್ನು ನಾಲ್ಕು ಅಡಿ ಆರು ಅಡಿ ಅಳತೆಯಲ್ಲಿ ಪುಕ್ಕಟೆ ಪ್ರಿಂಟ್ ಹಾಕಿಕೊಟ್ಟರು. ಅದು ಈಗ ಸಾಗರದ ಹತ್ತಿರ ನಮ್ಮೂರ ಕೊಟ್ಟಿಗೆಯಲ್ಲಿ ಸೌದೆ ರಾಶಿಗೆ ಹೊದಿಕೆ. ಮಳೆಗಾಲಕ್ಕೆ ಗಟ್ಟಿ ಮಾಲು.

ಆಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಅಂಗಡಿ ಮುಗಿಸಿ ಬಂದು ಪ್ರತಿ ರಾತ್ರಿ ಅದೇ ಅಜ್ಜಿಯನ್ನು ತುಂಡು ತುಂಡಾಗಿ ಮತ್ತೆ ಬರೆದೆ. ಮುಂದೆ, ಮುಕ್ಕಾಲು, ಪಕ್ಕ, ಹಿಂದೆ, ನಾಲ್ಕೂ ಕಡೆಯಿಂದ. ತಲೆ, ಹೆಗಲು, ಸೊಂಟ, ಮೊಣಕಾಲು ಎಲ್ಲ ಚಿತ್ರದಲ್ಲೂ ಒಂದೇ ಗೆರೆಗೆ ಬರಬೇಕು. ಹಿಂದಿನಿಂದ ಬರೆಯುವಾಗ ಗೊತ್ತಾಯಿತು, ಆ ಸೆರಗು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಮುಂದಿನಿಂದ ಚಂದ ಕಾಣಲಿ ಅಂತ ಎಳೆದ ಗೆರೆ ಅದು. ಸ್ಪೈನ್ ಅನ್ನುವ ರಿಗ್ಗಿಂಗ್ ಸಾಫ್ಟ್‌ವೇರ್‌ನ ಟ್ರಯಲ್ ಹಾಕಿಕೊಂಡೆ. ಟ್ರಯಲ್‌ನಲ್ಲಿ ಸೇವ್ ಆಗುವುದಿಲ್ಲ. ಬೆಳಗ್ಗೆ ಹೊತ್ತಿಗೆ ಎಲ್ಲ ಹೋಗಿರುತ್ತಿತ್ತು, ಮರುದಿನ ಮೊದಲಿಂದ. ಹಾಗಾಗಿಯೇ ಕೈಗೆ ಹತ್ತಿತು ಅನ್ನಿಸುತ್ತದೆ. 2019ರಲ್ಲಿ ಬೇರೆ ಒಂದು ಸ್ಟುಡಿಯೋದಲ್ಲಿ ರಿಗ್ಗಿಂಗ್ ಜೂನಿಯರ್ ಕೆಲಸ ಸಿಕ್ಕಿತು, ತಿಂಗಳಿಗೆ 16,000. ಕ್ಯಾರೆಕ್ಟರ್ ಡಿಸೈನರ್ ಅಂತಲ್ಲ, ಬೇರೆಯವರು ಬರೆದ ಪಾತ್ರಕ್ಕೆ ಮೂಳೆ ಹಾಕುವವನು ಅಂತ.

ಈಗ ನಿಮ್ಮ ಪ್ರಶ್ನೆಗೆ. ಐಪ್ಯಾಡಾ, ಕೋರ್ಸಾ ಅಂತ ಕೇಳಿದ್ದೀರಿ. ಎರಡೂ ಬೇಡ. ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆ. ಹೊಸಬರನ್ನು 'ಕ್ಯಾರೆಕ್ಟರ್ ಡಿಸೈನರ್' ಅಂತಲೇ ಸೇರಿಸಿಕೊಳ್ಳುವ ಕೆಲಸ ನಾನು ನೋಡಿದ ಮಟ್ಟಿಗೆ ಇಲ್ಲವೇ ಇಲ್ಲ ಅನ್ನಬಹುದು. ಇರುವುದು ರಿಗ್ಗಿಂಗ್, ಕ್ಲೀನಪ್ (ಕಚ್ಚಾ ಗೆರೆಯನ್ನು ತಿದ್ದಿ ನೀಟು ಮಾಡುವುದು), ಬ್ಯಾಗ್ರೌಂಡ್, ಗೇಮಿಗೆ ಕತ್ತಿ-ಚಪ್ಪಲಿ-ಪೆಟ್ಟಿಗೆ ಬರೆಯುವ ಕೆಲಸ. ಅಲ್ಲಿ ಎರಡು ಮೂರು ವರ್ಷ ಕೂತವರ ಕೈಗೆ ನಿಧಾನಕ್ಕೆ ಪಾತ್ರ ಬರುತ್ತದೆ. ನಾನು ಈಗ ಗೇಮ್ ಆರ್ಟ್ ಮಾಡಿಕೊಡುವ ಕಂಪನಿಯಲ್ಲಿದ್ದೇನೆ. ಇವತ್ತಿಗೂ ವಾರದಲ್ಲಿ ಒಂದೂವರೆ ದಿನ ಹೊಸ ಪಾತ್ರ ಬರೆದರೆ ಜಾಸ್ತಿ. ಉಳಿದದ್ದು ಅದೇ ಪಾತ್ರಕ್ಕೆ ದೀಪಾವಳಿ ಬಟ್ಟೆ, ಕ್ರಿಸ್‌ಮಸ್ ಟೋಪಿ, ಕ್ಲೈಂಟ್ ಹೇಳಿದ ಹನ್ನೆರಡನೇ ಮೂಗು.

'ನನ್ನದೇ ಸ್ಟೈಲ್ ಬೆಳೆಸಿಕೊಂಡಿದ್ದೇನೆ' ಅಂತ ಬರೆದಿದ್ದೀರಿ. ಒಳ್ಳೆಯದು, ಇಟ್ಟುಕೊಂಡಿರಿ. ಸಂಬಳ ಕೊಡುವವರಿಗೆ ಬೇಕಾಗುವುದು ನೀವು ಇನ್ನೊಬ್ಬರ ಸ್ಟೈಲ್‌ನಲ್ಲಿ ಬರೆಯಬಲ್ಲಿರಾ ಅನ್ನುವುದು. ಛೋಟಾ ಭೀಮ್ 2008ರಲ್ಲಿ ಪೋಗೋದಲ್ಲಿ ಶುರುವಾಯಿತು, ಹೈದರಾಬಾದಿನ ಗ್ರೀನ್ ಗೋಲ್ಡ್ ಮಾಡಿದ್ದು. ಇಷ್ಟು ವರ್ಷದಲ್ಲಿ ಎಷ್ಟೋ ಕೈ ದಾಟಿರುವ ಹುಡುಗ ಅವನು. ಯಾರು ಮಾಡಿದರೂ ಅವನು ಭೀಮನಾಗಿಯೇ ಕಾಣಬೇಕು. ಪಾತ್ರ ಬರೆಯುವವನ ಕೆಲಸ ಅಂದರೆ ಆ ಉಳಿದವರೆಲ್ಲರಿಗೂ ಅರ್ಥವಾಗುವ ನಕ್ಷೆ ಕೊಡುವುದು. ಮನೆ ಕಟ್ಟುವ ಮೇಸ್ತ್ರಿಗೆ ಮನೆಯ ಚಂದದ ಪೇಂಟಿಂಗ್ ಕೊಟ್ಟರೆ ಅವನು ಏನು ಮಾಡಬೇಕು ಹೇಳಿ?

ಐಪ್ಯಾಡ್ ಬೇಡ ಅಂದದ್ದು ಯಾಕೆಂದರೆ ನಿಮ್ಮ ಹತ್ತಿರ ಹಣ ಕಡಿಮೆ ಇದೆ ಅಂತ ನೀವೇ ಬರೆದಿದ್ದೀರಿ. ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್ ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಹ್ಯುಯಾನ್ ಆಗಲಿ, ಎಕ್ಸ್‌ಪಿ-ಪೆನ್ ಆಗಲಿ, ಯಾವುದೋ ಒಂದು. ಕೈ ಕೆಳಗೆ, ಕಣ್ಣು ಮೇಲೆ, ಹದಿನೈದು ದಿನ ಹಿಂಸೆ, ಆಮೇಲೆ ಮರೆತೇಹೋಗುತ್ತದೆ. ಸಾಫ್ಟ್‌ವೇರ್‌ಗೆ ಕ್ರಿಟಾ ಸಾಕು, ಪೂರ್ತಿ ಉಚಿತ. ಉಳಿದ ಹಣಕ್ಕೆ ಲ್ಯಾಪ್‌ಟಾಪ್‌ನ ರ‍್ಯಾಮ್ ಹೆಚ್ಚಿಸಿಕೊಳ್ಳಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಕೋರ್ಸ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್), ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿ ತರಹ ಪರೀಕ್ಷೆ ಬರೆದು ಸೇರುವ ಜಾಗಗಳು ಬೇರೆ ಮಾತು. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಬೋರ್ಡ್ ಹಾಕಿಕೊಂಡು ಎರಡು ಲಕ್ಷ ಕೇಳುವವರ ಹತ್ತಿರ ಹೋಗುವ ಮೊದಲು, ಅಲ್ಲಿ ಹೋದ ವರ್ಷ ಮುಗಿಸಿದ ಇಬ್ಬರ ಜೊತೆ ಟೀ ಕುಡಿಯಿರಿ. ಅವರ ನಂಬರ್ ಕೊಡಲು ಕೌಂಟರಿನವರು ತಡಬಡಾಯಿಸಿದರೆ ಅದೇ ಉತ್ತರ.

ಇನ್ನು 'ಈ ಫೀಲ್ಡ್‌ಗೆ ಕರ್ನಾಟಕದಲ್ಲಿ ಭವಿಷ್ಯ ಇದೆಯಾ' ಅಂತಲೂ ಕೇಳಿದ್ದೀರಿ. ಸರ್ಕಾರ 2024-29ಕ್ಕೆ ಎವಿಜಿಸಿ-ಎಕ್ಸ್‌ಆರ್ ನೀತಿ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿಗಳ ನೀತಿ) ಮಾಡಿದೆ, ನಿಜ. 2025ರ ಫೆಬ್ರವರಿಯಲ್ಲಿ ವಿಷುವಲ್ ಎಫೆಕ್ಟ್ಸ್, ಅನಿಮೇಷನ್ ಮಾಡುವ ದೊಡ್ಡ ಕಂಪನಿ ಟೆಕ್ನಿಕಲರ್ ಭಾರತದಲ್ಲಿ ಬಾಗಿಲು ಮುಚ್ಚಿ ಬೆಂಗಳೂರಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡದ್ದೂ ನಿಜ. ಪೇಪರ್ ಓದಿ ಕುಣಿಯಲೂ ಬೇಡಿ, ಅಳಲೂ ಬೇಡಿ. ಎಐ ಬಗ್ಗೆ ಕೇಳುವವರಿಗೂ ಒಂದು ಮಾತು. ಈಗ ಕ್ಲೈಂಟ್‌ಗಳು ಎಐನಲ್ಲಿ ಪಾತ್ರ ಮಾಡಿಸಿಕೊಂಡು 'ಇದನ್ನೇ ಓಡಾಡಿಸಿ' ಅಂತ ತರುತ್ತಾರೆ. ತೆರೆದು ನೋಡಿದರೆ ನನ್ನ 2018ರ ಅಜ್ಜಿಯೇ. ಬಿಸಿಲು ಚಂದ, ಒಂದೇ ಲೇಯರ್, ಕೈ ಹಿಂದೆ ಹೊಟ್ಟೆ ಇಲ್ಲ. ಸದ್ಯಕ್ಕೆ ನಮ್ಮ ಟೀಮಿನ ಅರ್ಧ ಹೊತ್ತು ಇಂಥ ಹೊಟ್ಟೆ ತುಂಬುವುದರಲ್ಲೇ ಹೋಗುತ್ತಿದೆ.

ಪೋರ್ಟ್‌ಫೋಲಿಯೋಗೆ ಮೂವತ್ತು ಮುಖ ಹಾಕಬೇಡಿ. ನಿಮ್ಮ ಪೇಜ್ ನೋಡಿದೆ, ಎಲ್ಲರೂ ಎಡಕ್ಕೆ ತಿರುಗಿ ನಿಂತಿದ್ದಾರೆ, ಎಲ್ಲರ ಕೈ ಬೆನ್ನ ಹಿಂದೆ ಅಥವಾ ಜೇಬಿನಲ್ಲಿ. ಕೈ ಬರೆಯಲು ಬರುವುದಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ, ನಾನೂ ಹಾಗೇ ಅಡಗಿಸುತ್ತಿದ್ದೆ. ಆ ನೀಲಿ ಜಡೆಯ ಹುಡುಗಿ ಒಬ್ಬಳನ್ನೇ ತಗೊಳ್ಳಿ. ನಾಲ್ಕು ಕಡೆಯಿಂದ ಬರೆಯಿರಿ, ಎಂಟು ಬಾಯಿ ಬರೆಯಿರಿ, ಲೇಯರ್‌ಗಳಿಗೆ 'ಎಡ ಮುಂಗೈ', 'ಜಡೆ ಹಿಂದೆ' ಅಂತ ಹೆಸರಿಡಿ. ಅವಳು ಮೆಟ್ಟಿಲು ಹತ್ತುವ ನಾಲ್ಕು ಸೆಕೆಂಡ್ ವಿಡಿಯೋ ಮಾಡಿ ಪಕ್ಕದಲ್ಲಿ ಹಾಕಿ. ಕೆಲಸಕ್ಕೆ ತಗೊಳ್ಳುವವನಾಗಿ ಹೇಳುತ್ತಿದ್ದೇನೆ, ನಾನು ಮೊದಲು ತೆರೆಯುವುದು ಅದನ್ನೇ.

ಬಿಡಿ ಕೆಲಸ ಬಂದರೆ ಮಾಡಿ, ಅರ್ಧ ಹಣ ಮೊದಲೇ ತಗೊಂಡು. ಬಿಡಿ ಕೆಲಸ ಸಿಗುವ ಫೈವರ್ ವೆಬ್‌ಸೈಟಿನಲ್ಲಿ ಮಾಡುವುದಾದರೆ ನೂರಕ್ಕೆ ಇಪ್ಪತ್ತು ಅವರಿಗೇ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಂಡು ರೇಟ್ ಹೇಳಿ. ಪಾತ್ರದ ಹಕ್ಕು ಯಾರದ್ದು, ಎಷ್ಟು ವರ್ಷಕ್ಕೆ ಅನ್ನುವುದು ಬರವಣಿಗೆಯಲ್ಲಿ ಇರಲಿ.

ಬಿ.ಕಾಂ ಬಿಡಲಾ ಅಂತ ಕೇಳಿದ್ದೀರಲ್ಲ, ಅದನ್ನು ಮಾತ್ರ ಮಾಡಬೇಡಿ. ಆರು ತಿಂಗಳಿಗೆ ಏನು ಅವಸರ? ನನಗೆ ಇವತ್ತಿಗೂ ಒಂದು ಇನ್‌ವಾಯ್ಸ್ ಸರಿಯಾಗಿ ಬರೆಯಲು ಬರುವುದಿಲ್ಲ. ಪ್ರತಿ ಜುಲೈನಲ್ಲಿ ತಂಗಿಗೆ ಫೋನ್ ಮಾಡುತ್ತೇನೆ. ಅವಳು ಬಿ.ಕಾಂ. ರಿಟರ್ನ್ ಫೈಲ್ ಮಾಡಿಕೊಡುವುದಕ್ಕೆ ನನ್ನ ಹತ್ತಿರವೇ ಫೀಸ್ ತಗೊಳ್ಳುತ್ತಾಳೆ, ಅದೂ ಪೂರ್ತಿ ಮುಂಗಡ.