‘ಇತರೆ ಖರ್ಚಿ’ಗೆ ರಸೀದಿ ಇದೆಯೇ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಸಣ್ಣ ಪಾಲುದಾರಿಕೆ ಸಂಸ್ಥೆ ಇದ್ದು, ಬ್ರಿಟನ್ನಿನ ಕಂಪನಿಯೊಂದಕ್ಕೆ ಕಾಳುಮೆಣಸು ರಫ್ತು ಮಾಡುತ್ತೇವೆ. ಆ ಕಂಪನಿ ಈಗ ಲಂಚ ನಿಷೇಧದ ಕರಾರುಪತ್ರಕ್ಕೆ ಸಹಿ ಕೇಳಿದೆ. ಬಂದರಿನಲ್ಲಿರುವ ನಮ್ಮ ಏಜೆಂಟರು ಬಿಲ್ಲಿನಲ್ಲಿ ‘ಇತರೆ ಖರ್ಚು’ ಎಂದು ರಸೀದಿಯಿಲ್ಲದ ಮೊತ್ತ ಬರೆಯುತ್ತಾರೆ; ಅದು ಮಾಮೂಲಿನ ಹಣವೆಂದು ನಮಗೆ ಗೊತ್ತು. ನಾವು ಕೈಯಾರೆ ಕೊಡದಿರುವುದರಿಂದ ಸಹಿ ಮಾಡಬಹುದೇ?
– ಒಬ್ಬ ವ್ಯಾಪಾರಿ, ಶಿರಸಿ

ಉತ್ತರ: ಈಗಲೇ ಮಾಡಬೇಡಿ. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವವರಿಗೂ 7 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ವ್ಯಾಪಾರದ ಅನುಕೂಲಕ್ಕಾಗಿ ಏಜೆಂಟರು ಕೊಟ್ಟರೆ, ಪಾಲುದಾರಿಕೆ ಸಂಸ್ಥೆಯಾದ ನಿಮಗೆ ದಂಡ ಬೀಳಬಹುದು, ತಿಳಿದೂ ಒಪ್ಪಿಗೆಯಿತ್ತ ಪಾಲುದಾರರು ಜೈಲಿಗೂ ಹೋಗಬೇಕಾಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಕಾಯ್ದೆ ರಕ್ಷಿಸುತ್ತದೆ, ಆದರೆ ತಿಂಗಳುಗಟ್ಟಲೆ ಬಿಲ್ಲು ಪಾವತಿಸುತ್ತ ಬಂದವರು ಬಲವಂತವಿತ್ತೆಂದು ಈಗ ಹೇಳುವುದು ಕಷ್ಟ.

ನಿಮ್ಮ ಗ್ರಾಹಕ ಕಂಪನಿಯ ಆತಂಕಕ್ಕೂ ಕಾರಣವಿದೆ. ಬ್ರಿಟನ್ನಿನ 2010ರ ಲಂಚ ಕಾಯ್ದೆಯ ಪ್ರಕಾರ, ಕಂಪನಿಯ ಪರವಾಗಿ ಸೇವೆ ಸಲ್ಲಿಸುವವರು ಅದರ ಲಾಭಕ್ಕಾಗಿ ಯಾವ ದೇಶದಲ್ಲಿ ಲಂಚ ಕೊಟ್ಟರೂ, ತಡೆಯಲು ತಕ್ಕ ವ್ಯವಸ್ಥೆ ಇತ್ತೆಂದು ತೋರಿಸಲಾಗದ ಕಂಪನಿಯೇ ಹೊಣೆ. ಬರೀ ಸರಕು ಮಾರುವವರು ಸಾಮಾನ್ಯವಾಗಿ ಈ ವ್ಯಾಪ್ತಿಗೆ ಬರುವುದಿಲ್ಲವಾದರೂ ಕಂಪನಿಗಳು ಎಲ್ಲರಿಂದಲೂ ಸಹಿ ಪಡೆಯುತ್ತವೆ. ಅಮೆರಿಕದ 1977ರ ಕಾಯ್ದೆ ದಿನನಿತ್ಯದ ಕೆಲಸ ಬೇಗ ಮಾಡಿಸಲು ಕೊಡುವ ಹಣಕ್ಕೆ ವಿನಾಯಿತಿ ನೀಡಿದರೂ, ಬ್ರಿಟನ್ನಿನದು ನೀಡುವುದಿಲ್ಲ, ನಮ್ಮದೂ ಇಲ್ಲ.

ಮಾಮೂಲು ಸಣ್ಣದೆಂದು ಉಪೇಕ್ಷಿಸುವ ಮಾತು ನಮ್ಮ ಜಿಲ್ಲೆಯವರಿಂದ ಬರಬಾರದು. 2010ರಲ್ಲಿ ಅಂಕೋಲೆ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರೇ ಹಡಗೇರಿ ಹೊರದೇಶಕ್ಕೆ ಹೋಯಿತು.

ಏಜೆಂಟರಿಗೆ ರಸೀದಿಯಿಲ್ಲದ ಒಂದು ರೂಪಾಯಿಯನ್ನೂ ಕೊಡುವುದಿಲ್ಲವೆಂದು ಲಿಖಿತವಾಗಿ ತಿಳಿಸಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ಹಳೆಯ ಬಿಲ್ಲುಗಳನ್ನು ತಿದ್ದದೆ, ವಕೀಲರಿಗೆ ತೋರಿಸಿ. ಮಾಮೂಲು ನಿಲ್ಲಿಸಿದರೆ ಸರಕು ಕೆಲವು ದಿನ ಬಂದರಿನಲ್ಲೇ ಉಳಿಯಬಹುದು. ತಡವಾದದ್ದಕ್ಕೆ ದಂಡ ವಿಧಿಸುತ್ತಲೇ ಲಂಚ ಕೊಡಬೇಡಿರೆಂದು ಬರೆಸಿಕೊಳ್ಳುವ ಕಂಪನಿ ತನ್ನ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುತ್ತದೆ ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಲಂಚ ನಿರಾಕರಿಸಿದ್ದರಿಂದ ಆಗುವ ವಿಳಂಬಕ್ಕೆ ದಂಡವಿಲ್ಲವೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲು ಕೇಳಿ, ಅದು ಸೇರಿದ ಮೇಲೆ ಸಹಿ ಮಾಡಿ.