13 ಗುಳಿಗೆಯ ಲೆಕ್ಕ

ಕುಮಟಾದ ಓದುಗರೊಬ್ಬರ ಪತ್ರ: "ನಮ್ಮ ಮನೆಯವರಿಗೆ 9 ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಪರಿಚಯದವರೊಬ್ಬರು ಮೀನೆಣ್ಣೆ, ಕಡಲಪಾಚಿ, ಆಸ್ಟಾಕ್ಸಾಂಥಿನ್ ಮೂರೂ ಸೇರಿದ ಗುಳಿಗೆ ತಂದುಕೊಟ್ಟರು. ಇದನ್ನು ಶುರು ಮಾಡಿದರೆ ಮಾತ್ರೆಗಳನ್ನು ನಿಧಾನಕ್ಕೆ ಬಿಡಬಹುದಂತೆ. ಹೌದಾ? ಡಬ್ಬಿಯ ಫೋಟೋ ಕಳಿಸಿದ್ದೇನೆ."

ಅಕ್ಕಾ, ಮಾತ್ರೆ ಬಿಡಬೇಡಿ. ಉಳಿದ ಮಾತು ಆಮೇಲೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ಮುಂದುಗಡೆ ದಪ್ಪಕ್ಷರದಲ್ಲಿ ಮೀನೆಣ್ಣೆ 1000 ಮಿ.ಗ್ರಾಂ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಕೆಲಸಕ್ಕೆ ಬರುವ ಒಮೆಗಾ-3 ಇವೆರಡೇ, ಅಂದರೆ 300. ಮಿಕ್ಕಿದ್ದು ಬೇರೆ ಕೊಬ್ಬು. ಪಾಚಿ, ಆಸ್ಟಾಕ್ಸಾಂಥಿನ್ ಎಷ್ಟೆಷ್ಟು ಅಂತ ಬರೆದೇ ಇಲ್ಲ.

ಹೃದಯಕ್ಕೆ ಮೀನೆಣ್ಣೆ ಒಳ್ಳೆಯದು ಅನ್ನುವವರು ಹೆಚ್ಚಾಗಿ ಹೇಳುವುದು 2018ರಲ್ಲಿ ಫಲಿತಾಂಶ ಬಂದ ರೆಡ್ಯೂಸ್-ಇಟ್ ಪರೀಕ್ಷೆಯನ್ನು. 8,179 ಜನ, ಎಲ್ಲರೂ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ತಗೊಳ್ಳುತ್ತಿದ್ದವರು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ ಇದ್ದವರು. ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಔಷಧಿ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಕಾಲುಭಾಗ ಕಡಿಮೆಯಾಯಿತು. ಗಮನಿಸಿ, ಅವರ್ಯಾರಿಗೂ ಮಾತ್ರೆ ಬಿಡಿಸಿರಲಿಲ್ಲ. ನಿಮ್ಮ ಡಬ್ಬಿಯಿಂದ 4 ಗ್ರಾಂ ಒಮೆಗಾ-3 ಸಿಗಬೇಕಾದರೆ ದಿನಕ್ಕೆ ಸುಮಾರು 13 ಗುಳಿಗೆ ನುಂಗಬೇಕು. ನುಂಗಿದರೂ ಅದು ಆ ಔಷಧಿ ಆಗುವುದಿಲ್ಲ.

ಇಪಿಎ, ಡಿಎಚ್‌ಎ ಎರಡೂ ಸೇರಿಸಿದರೆ ಇನ್ನೂ ಒಳ್ಳೆಯದಲ್ವಾ? ಅದನ್ನೂ ನೋಡಿದ್ದಾರೆ. ಸ್ಟ್ರೆಂತ್ ಅನ್ನುವ ಪರೀಕ್ಷೆಯಲ್ಲಿ 13,078 ಜನರಿದ್ದರು. ಅರ್ಧ ಜನಕ್ಕೆ ಇಪಿಎ, ಡಿಎಚ್‌ಎ ಸೇರಿಸಿ ಅದೇ 4 ಗ್ರಾಂ ಕೊಟ್ಟರು. ಪ್ರಯೋಜನ ಕಾಣದೆ 2020ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಮೊದಲಿನ ಪರೀಕ್ಷೆಯಲ್ಲಿ ಔಷಧಿಯ ಬದಲು ಹೋಲಿಕೆಗೆ ಅಂತ ಉಳಿದವರಿಗೆ ಕೊಟ್ಟ ಖನಿಜ ತೈಲದ ಬಗ್ಗೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ, ಇರಲಿ. ಎರಡರಲ್ಲೂ ಹೃದಯದ ಬಡಿತ ಲಯ ತಪ್ಪುವುದು ಮಾತ್ರ ಹೆಚ್ಚಾಗಿತ್ತು. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತಗೊಳ್ಳುತ್ತಿರುತ್ತಾರೆ. ಹಾಗಾಗಿ ಡಾಕ್ಟರನ್ನು ಕೇಳದೆ ಮೀನೆಣ್ಣೆ ಶುರು ಮಾಡುವುದು ಬೇಡ.

ಆಸ್ಟಾಕ್ಸಾಂಥಿನ್ ಹೆಸರು ಮಾತ್ರ ದೊಡ್ಡದು, ನಿಮಗೆ ಹೊಸದಲ್ಲ. ಬೂದು ಬಣ್ಣದ ಸಿಗಡಿ ಬಾಣಲೆಗೆ ಬಿದ್ದ ಕೂಡಲೇ ಕೆಂಪಾಗುತ್ತದಲ್ಲ, ಆ ಬಣ್ಣವೇ ಅದು. ಹಸಿ ಇದ್ದಾಗ ಪ್ರೋಟೀನಿಗೆ ಅಂಟಿಕೊಂಡು ಅಡಗಿರುತ್ತದೆ, ಬಿಸಿ ತಾಗಿದರೆ ಹೊರಗೆ ಬರುತ್ತದೆ. ಕಡಲಪಾಚಿಯಲ್ಲಿ ಅಯೋಡಿನ್ ಜಾಸ್ತಿ ಇರಬಹುದು. ಥೈರಾಯ್ಡ್ ತೊಂದರೆ ಇದ್ದವರು ಹುಷಾರು.

(ಶಿರಸಿ ಕಡೆಯ ಸಸ್ಯಾಹಾರಿ ಓದುಗರೂ ಆಗಾಗ ಕೇಳುತ್ತಾರೆ, ಮೀನೆಣ್ಣೆ ಬೇಡದವರಿಗೆ ಏನು ದಾರಿ ಅಂತ. ಮೀನಿಗೂ ಒಮೆಗಾ-3 ಬರುವುದು ಕಣ್ಣಿಗೆ ಕಾಣದ ಪಾಚಿಯಿಂದಲೇ. ಪಾಚಿ ಎಣ್ಣೆಯ ಗುಳಿಗೆಯೇ ಸಿಗುತ್ತದೆ. ಹೊರಗಿನ ಸಿಪ್ಪೆ ಜೆಲಟಿನ್ (ಪ್ರಾಣಿಗಳಿಂದ ತೆಗೆದದ್ದು) ಹೌದೋ ಅಲ್ಲವೋ ನೋಡಿಕೊಳ್ಳಿ.)

ನಿಮ್ಮ ಮನೆಯಲ್ಲಿ ಮೀನು ತಿನ್ನುತ್ತೀರಿ. ವಾರಕ್ಕೆ 2 ಸಲ ತಾರ್ಲೆ ಅಥವಾ ಬಂಗಡೆ ಸಾಕು. ರವಾ ಫ್ರೈ ಅಲ್ಲ, ಜುಮ್ಮನಕಾಯಿ ಹಾಕಿದ ಸಾರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟು ಕಡಲಿಗಿಳಿಯುವುದಿಲ್ಲ, ಆಗ ಒಣಮೀನು ತಟ್ಟೆಗೆ ಬರುತ್ತದೆ. ಬಿಪಿ ಇದ್ದವರಿಗೆ ಅದರ ಉಪ್ಪೇ ಶತ್ರು. ನಿಮ್ಮವರಿಗೆ ಒಂದು ತುಂಡು ಕೊಡುವುದೂ ಬೇಡ ಅಂತ ನನ್ನ ಅಭಿಪ್ರಾಯ, ಬೈದುಕೊಂಡರೂ ಪರವಾಗಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೇ ಒಯ್ಯಿರಿ. ಟ್ರೈಗ್ಲಿಸರೈಡ್ ಎಷ್ಟಿದೆ ಅಂತ ಕೇಳಿ ಬರೆದುಕೊಂಡು ಬನ್ನಿ.

— ಸಂಪಾದಕ